ಹನ್ನೆರಡನೆಯ ಸಾಲು

ಬಸ್ ನಿಲ್ದಾಣದ ಎದುರಿನ ಫೋಟೋ ಸ್ಟುಡಿಯೋದಲ್ಲಿ ಟಚಪ್ಪಕ್ಕ ಮೂವತ್ತನಾಲ್ಕು ವರ್ಷ ಕೆಲಸ ಮಾಡಿದಳು. ಟಚಪ್ ಮಾಡುವ ಅಕ್ಕ ಟಚಪ್ ಅಕ್ಕನಾಗಿ, ಜನರ ಅವಸರದ ನಾಲಿಗೆಯಲ್ಲಿ ಟಚಪ್ಪಕ್ಕನಾದದ್ದು. ಕಟ್ಟಿಕೊಂಡ ಗಂಡನೇ ಹಾಗೆ ಕರೆಯುತ್ತಾನೆ ಎಂದಮೇಲೆ ಮಿಕ್ಕವರದೇನು!

ಮೊದಲೆಲ್ಲ ನೆಗೆಟಿವ್ ಕಾಲ. ಓರೆಯಾಗಿ ನಿಲ್ಲಿಸಿದ ಗಾಜು, ಅದರ ಹಿಂದೆ ಒಂದು ಬಲ್ಬು, ಸೂಜಿಯ ಹಾಗೆ ಚೂಪು ಮಾಡಿದ ಪೆನ್ಸಿಲು. ಆಮೇಲೆ ಕಂಪ್ಯೂಟರು ಬಂತು, ಪೆನ್ಸಿಲಿನ ಜಾಗಕ್ಕೆ ಮೌಸು ಬಂತು, ಕೆಲಸ ಅದೇ. ಮದುವೆಗೆ ನಿಂತ ಹುಡುಗಿಯ ಕೆನ್ನೆಯ ಮೊಡವೆ, ಕೆಲಸಕ್ಕೆ ಅರ್ಜಿ ಹಾಕುವವನ ಕಣ್ಣ ಕೆಳಗಿನ ಕಪ್ಪು, ಸತ್ತ ಅಜ್ಜನ ಹಳೇ ಫೋಟೋದ ಮೇಲಿನ ಮಡಿಕೆ, ಎಲ್ಲವನ್ನೂ ಗುರುತು ಸಿಗದಂತೆ ಮಾಯ ಮಾಡುತ್ತಿದ್ದಳು. "ಈ ಊರಿನ ಅರ್ಧ ಮದುವೆ ನನ್ನ ಕೈಯಿಂದ ಆಗಿರೋದು" ಎಂದು ಅವಳು ಹೇಳಿದರೆ ಯಾರೂ ಇಲ್ಲ ಎನ್ನುತ್ತಿರಲಿಲ್ಲ. ಕೆಲವರು ಮಾತ್ರ ಹಿಂದೆ ಮುಂದೆ ನೋಡಿ ಹೆಂಡತಿ ಕೇಳಿಸಿಕೊಂಡಳೇನೋ ಎಂದು ಹೆದರುತ್ತಿದ್ದರು.

ಕೆಲಸ ಕಲಿಸುವಾಗ ಸ್ಟುಡಿಯೋ ಯಜಮಾನರು ಒಂದು ಮಾತು ಹೇಳಿದ್ದರು: "ಪೂರ್ತಿ ಮುಖ ನೋಡಬೇಡ. ಮುಖ ನೋಡಿದ್ರೆ ಮನುಷ್ಯ ಕಾಣ್ತಾನೆ, ಕಲೆ ಕಾಣಲ್ಲ." ಅದನ್ನವಳು ವೇದವಾಕ್ಯ ಮಾಡಿಕೊಂಡಳು. ಚಿತ್ರವನ್ನು ದೊಡ್ಡದು ಮಾಡಿ, ಹೆಬ್ಬೆಟ್ಟಿನಷ್ಟು ಜಾಗ ಮಾತ್ರ ಪರದೆ ತುಂಬಾ ಕಾಣುವಂತೆ ಇಟ್ಟು, ಎಡದಿಂದ ಬಲಕ್ಕೆ, ಮೇಲಿಂದ ಕೆಳಕ್ಕೆ, ಅಕ್ಕಿ ಆರಿಸಿದಂತೆ ಆರಿಸುತ್ತಾ ಬರುತ್ತಿದ್ದಳು. ಏನು ಆರಿಸುತ್ತಿದ್ದೇನೆ ಎಂಬುದು ಅವಳಿಗೆ ಬೇಕಾಗಿಯೂ ಇರಲಿಲ್ಲ.

ಇಷ್ಟಾದರೂ ಒಂದು ಕೊರಗಿತ್ತು. ಮೂವತ್ತನಾಲ್ಕು ವರ್ಷದಲ್ಲಿ ಅವಳ ಹೆಸರಿನದು ಎಂದು ಒಂದೇ ಒಂದು ಚಿತ್ರ ಇರಲಿಲ್ಲ. ಕ್ಯಾಮೆರಾ ಹಿಡಿಯುವವರು ಯಜಮಾನರು, ಫೋಟೋದ ಹಿಂದೆ ಬೀಳುವ ಮೊಹರು ಅವರದು. ಹೊಗಳಿಕೆಯೂ ಅವರಿಗೇ ಸಲ್ಲುತ್ತಿತ್ತು. ಟಚಪ್ ಮಾಡಿದವಳ ಹೆಸರನ್ನು ಯಾರಾದರೂ ಎಲ್ಲಾದರೂ ಬರೆಯುತ್ತಾರೆಯೇ? ಚೆನ್ನಾಗಿ ಟಚಪ್ ಆಗಿದೆ ಎಂದರೆ ಟಚಪ್ ಆಗಿದ್ದೇ ಗೊತ್ತಾಗಬಾರದು. ಒಂದು ಸಲ, ಒಂದೇ ಒಂದು ಸಲ, ಗೋಡೆಯ ಮೇಲೆ ಒಂದು ಚಿತ್ರ, ಕೆಳಗೆ ತನ್ನ ಹೆಸರು. ಇಷ್ಟು ಬೇಕಾಗಿತ್ತು ಅವಳಿಗೆ.

ಅದಕ್ಕೆ ದಾರಿಯೂ ಸಿಕ್ಕಿತು. ಊರಿನಲ್ಲಿ ಹವ್ಯಾಸಿ ಛಾಯಾಗ್ರಾಹಕರ ಬಳಗ ಅಂತ ಒಂದಿತ್ತು. ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಅದರ ಅಧ್ಯಕ್ಷರು, ಮೆಡಿಕಲ್ ಅಂಗಡಿಯವನು ಕಾರ್ಯದರ್ಶಿ, ಇನ್ನು ಏಳೆಂಟು ಜನ ಸದಸ್ಯರು. ವರ್ಷಕ್ಕೊಂದು ಸ್ನೇಹದ ಸ್ಪರ್ಧೆ. ಕಪ್ಪೂ ಇಲ್ಲ, ಕಾಸೂ ಇಲ್ಲ. ಗೆದ್ದ ಚಿತ್ರಕ್ಕೆ ಕಟ್ಟು ಹಾಕಿಸಿ, ತೆಗೆದವರ ಹೆಸರು ಬರೆದು, ಗ್ರಂಥಾಲಯದ ಓದುವ ಕೋಣೆಯಲ್ಲಿ ಒಂದು ವರ್ಷ ತೂಗುಹಾಕುತ್ತಿದ್ದರು. ಆ ವರ್ಷದ ವಿಷಯ 'ನಮ್ಮೂರ ಸ್ಮಾರಕಗಳು'. ನಿಯಮ ನಾಲ್ಕೇ ನಾಲ್ಕು. ನಾಲ್ಕನೆಯದು: ಚಿತ್ರವನ್ನು ತಿದ್ದುವಂತಿಲ್ಲ.

"ಹೋಯ್ತಲ್ಲ! ನಿನ್ನ ಕೈ ಕಟ್ಟಿಹಾಕೋಕೇ ಬರೆದ ಹಾಗಿದೆ" ಎಂದು ಗಂಡ ನಕ್ಕ. ಅವನು ಬಸ್ ಕಂಡಕ್ಟರಾಗಿದ್ದು ನಿವೃತ್ತನಾದವನು. ಈಗ ಟಿಕೆಟ್ ಕೇಳಲು ಜನ ಇಲ್ಲದ್ದರಿಂದ ಮನೆಯಲ್ಲೇ ಎಲ್ಲರನ್ನೂ ವಿಚಾರಿಸಿಕೊಳ್ಳುತ್ತಿದ್ದ.

"ತಿದ್ದಿದ್ರೆ ತಾನೇ? ನಾನು ತೆಗೆಯೋದೇ ಚೆನ್ನಾಗಿ ತೆಗೀತೀನಿ. ನೀವು ಛತ್ರಿ ಹಿಡ್ಕೊಂಡು ಬನ್ನಿ, ಸಾಕು" ಎಂದಳು.

ಸ್ಟುಡಿಯೋದ ಹಳೇ ಕ್ಯಾಮೆರಾ ಕೇಳಿ ತಂದು, ಭಾನುವಾರ ಬೆಳಿಗ್ಗೆ ಇಬ್ಬರೂ ಹೊರಟರು. ಬಳಗದವರೆಲ್ಲ ವೃತ್ತದಲ್ಲಿನ ದೊಡ್ಡ ಪ್ರತಿಮೆಯ ಸುತ್ತ ಇರುವೆಗಳಂತೆ ಮುತ್ತಿದ್ದರು. ಪ್ರತಿಮೆಯ ತಲೆಯ ಮೇಲೊಂದು ಕಾಗೆ ಕೂತಿತ್ತು, ಅದು ಹಾರಲೆಂದು ಕೆಲವರು, ಹಾರದಿರಲೆಂದು ಮೆಡಿಕಲ್ ಅಂಗಡಿಯವನು ಕಾಯುತ್ತಿದ್ದರು. ಟಚಪ್ಪಕ್ಕ ಅತ್ತ ತಿರುಗಿಯೂ ನೋಡದೆ ನೀರಿನ ಟ್ಯಾಂಕಿನ ಹತ್ತಿರ ಹೋದಳು. ಮೂವತ್ತು ವರ್ಷದ ಹಿಂದೆ ಆ ಟ್ಯಾಂಕು ಕಟ್ಟುವಾಗ ಅಟ್ಟಣಿಗೆ ಕುಸಿದು ಕೂಲಿಯವರು ಸತ್ತಿದ್ದರು. ಅವರ ನೆನಪಿಗೆ ಪುರಸಭೆ ಒಂದು ಕಪ್ಪು ಕಲ್ಲು ನಿಲ್ಲಿಸಿ ಹನ್ನೊಂದು ಹೆಸರು ಕೆತ್ತಿಸಿತ್ತು. ದಿನಾ ನೀರು ಕುಡಿಯುವ ಊರು ಆ ಕಲ್ಲಿನ ಕಡೆ ನೋಡುವುದನ್ನು ಯಾವತ್ತೋ ಬಿಟ್ಟಿತ್ತು. ಆದರೆ ಬೆಳಗಿನ ಬಿಸಿಲು ಅದರ ಮೇಲೆ ಓರೆಯಾಗಿ ಬಿದ್ದಾಗ ಅಕ್ಷರಗಳ ಒಳಗೆ ನೆರಳು ತುಂಬಿ ಒಂದೊಂದೂ ಎದ್ದು ಕಾಣುತ್ತದೆಂದು ಅವಳಿಗೆ ಗೊತ್ತಿತ್ತು. ಎಷ್ಟೆಂದರೂ ಬೆಳಕು ನೆರಳಿನ ಅನ್ನ ತಿಂದವಳು.

ಚಿತ್ರ ಚೆನ್ನಾಗಿಯೇ ಬಂತು. ಇನ್ನು ಪ್ರಿಂಟಿಗೆ ಕೊಡಬೇಕು, ಅಷ್ಟೇ. ಪ್ರಿಂಟಿಗೆ ಮುಂಚೆ ಒಂದು ಸಲ ನೋಡೋಣವೆಂದು ಕಂಪ್ಯೂಟರಿನಲ್ಲಿ ತೆರೆದಳು. ಅಲ್ಲೇ ಎಡವಟ್ಟಾಯಿತು. ಅವಳಿಗೆ 'ನೋಡುವುದು' ಎಂದರೆ ಹೆಬ್ಬೆಟ್ಟಿನಷ್ಟು ಜಾಗವನ್ನು ದೊಡ್ಡದು ಮಾಡುವುದು. ದೊಡ್ಡದು ಮಾಡಿದರೆ ಅಲ್ಲೊಂದು ಹಕ್ಕಿಯ ಹಿಕ್ಕೆ, ಇಲ್ಲೊಂದು ಸುಣ್ಣದ ಚುಕ್ಕೆ. ಕೈ ಸುಮ್ಮನಿರುತ್ತದೆಯೇ? ಹುಟ್ಟುಗುಣ ಸುಟ್ಟರೂ ಹೋಗದು. ಧೂಳು ಒರೆಸುವುದೂ ಟಚಪ್ಪೇ ಎಂದು ಅವಳ ಮನಸ್ಸಿಗೆ ಹೊಳೆಯಲೇ ಇಲ್ಲ. ಊಟಕ್ಕೆ ಮುಂಚೆ ಕೈ ತೊಳೆಯುವುದನ್ನು ಯಾರಾದರೂ ಅಡುಗೆ ಎನ್ನುತ್ತಾರೆಯೇ? ಎಡದಿಂದ ಬಲಕ್ಕೆ, ಮೇಲಿಂದ ಕೆಳಕ್ಕೆ ಆರಿಸುತ್ತಾ ಬಂದಳು. ಹನ್ನೊಂದನೆಯ ಹೆಸರಿನ ಕೆಳಗೆ ಒಂದಿಷ್ಟು ಗೀರುಗಳಿದ್ದವು, ಯಾರೋ ಮೊಳೆಯಿಂದ ಗೀಚಿದಂಥವು. ಅವನ್ನೂ ತೆಗೆದಳು.

ಪ್ರಥಮ ಬಹುಮಾನ ಅವಳಿಗೇ ಬಂತು.

ಡ್ರಾಯಿಂಗ್ ಮೇಷ್ಟ್ರು ಮನೆಗೇ ಬಂದು ಹೇಳಿದರು. ಟಚಪ್ಪಕ್ಕ ಬಾಗಿಲಲ್ಲೇ ನಿಂತು "ನಿಜ ಹೇಳ್ತಿದೀರಾ ಸಾರ್?" ಎಂದು ಮೂರು ಸಲ ಕೇಳಿದಳು. ಗಂಡ ಅಕ್ಕಪಕ್ಕದ ಮನೆಗಳಿಗೆಲ್ಲ ಹೋಗಿ, ಗೆದ್ದವನು ತಾನೇ ಎಂಬಂತೆ ಹೇಳಿಕೊಂಡು ಬಂದ. ಸ್ಟುಡಿಯೋ ಯಜಮಾನರೂ ಸಮಾರಂಭಕ್ಕೆ ಬರುತ್ತೇನೆಂದರು.

ಸಮಾರಂಭ ಶನಿವಾರ ಸಂಜೆ. ತಡೆಯಲಾರದೆ ಮಧ್ಯಾಹ್ನವೇ ಗ್ರಂಥಾಲಯಕ್ಕೆ ಹೋದಳು. ಚಿತ್ರ ಆಗಲೇ ಗೋಡೆ ಹತ್ತಿತ್ತು. ಕೆಳಗೆ ಬಿಳೀ ಕಾರ್ಡಿನಲ್ಲಿ ಅವಳ ಹೆಸರು, ಪೂರ್ತಿ ಹೆಸರು. ಓದುವ ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ, ಕಸ ಗುಡಿಸುವ ದೊಡ್ಡಕ್ಕ ಒಬ್ಬಳೇ. ಅರವತ್ತೈದರ ಮೇಲಿನ ಹೆಂಗಸು, ಮಂಡಿನೋವು, ಕಡಿಮೆ ಮಾತು. ಅವಳು ಪೊರಕೆಯನ್ನು ಕಂಕುಳಲ್ಲಿ ಇಟ್ಟುಕೊಂಡು, ಚಿತ್ರದ ಗಾಜಿನ ಮೇಲೆ ಕೆಳಗಿನ ಮೂಲೆಯಲ್ಲಿ ಬೆರಳಾಡಿಸುತ್ತಿದ್ದಳು.

"ಚೆನ್ನಾಗಿದ್ಯಾ ದೊಡ್ಡಕ್ಕ?" ಎಂದು ಟಚಪ್ಪಕ್ಕ ಹಿಗ್ಗಿನಿಂದ ಕೇಳಿದಳು.

"ಅಳಿಸಿಬಿಟ್ಟಿದಾರೆ ನೋಡು, ಮತ್ತೆ ಅಳಿಸಿಬಿಟ್ಟಿದಾರೆ" ಎಂದಳು ದೊಡ್ಡಕ್ಕ. "ಹೋದ ತಿಂಗಳು ತಾನೇ ಬರೆದು ಬಂದಿದ್ದೆ. ಕೈ ಬೊಬ್ಬೆ ಬಂದಿತ್ತು. ಹಾಳಾದೋರು, ಒಂದು ತಿಂಗಳೂ ಬಿಡಲಿಲ್ಲ."

"ಏನು ಬರೆದಿದ್ದೆ?"

"ನನ್ನ ತಮ್ಮನ ಹೆಸರು ಕಣಮ್ಮ."

ಆಮೇಲೆ ಹೇಳಿದಳು. ತಮ್ಮ ಟ್ಯಾಂಕಿನ ಕೆಲಸಕ್ಕೆ ಸೇರಿದ್ದು ಅವತ್ತೇ ಬೆಳಿಗ್ಗೆ. ಹೊಸಬರ ಹೆಸರು ಬರೆದುಕೊಳ್ಳುವುದು ಸಂಜೆ. ಮಧ್ಯಾಹ್ನ ಅಟ್ಟಣಿಗೆ ಕುಸಿಯಿತು. ರಿಜಿಸ್ಟರಿನಲ್ಲಿ ಹೆಸರಿಲ್ಲ, ಹಾಗಾಗಿ ಕಲ್ಲಿನಲ್ಲೂ ಇಲ್ಲ. ಪುರಸಭೆಗೆ ಅಲೆದು ಅಲೆದು ಸಾಕಾಗಿ, ಯಾರಿಂದಲೋ ಕಾಗದದಲ್ಲಿ ಹೆಸರು ಬರೆಸಿಕೊಂಡು, ಓದಲು ಬಾರದ ಅವಳು ಅದನ್ನೇ ಚಿತ್ರದಂತೆ ನೋಡಿಕೊಂಡು ಮೊಳೆಯಿಂದ ಕಲ್ಲಿನ ಮೇಲೆ ಗೀಚುತ್ತಿದ್ದಳು. ಎರಡು ಮೂರು ವರ್ಷಕ್ಕೊಮ್ಮೆ ಪುರಸಭೆಯವರು ಕಲ್ಲಿಗೆ ಪಾಲಿಶ್ ಹೊಡೆಸಿದಾಗ ಅದು ಹೋಗುತ್ತಿತ್ತು. ಮತ್ತೆ ಗೀಚುತ್ತಿದ್ದಳು.

"ಇವತ್ತೇ ಹೋಗಿ ಬರೀತೀನಿ" ಎಂದು ದೊಡ್ಡಕ್ಕ ಪೊರಕೆ ಮೂಲೆಗಿಟ್ಟಳು. ಹೊರಗೆ ಸುಡುವ ಬಿಸಿಲು. ಟ್ಯಾಂಕು ಎರಡು ಮೈಲಿ.

ಸುಮ್ಮನಿದ್ದುಬಿಡಬಹುದಿತ್ತು. ದೊಡ್ಡಕ್ಕ ಹೋಗಿ ನೋಡಿ, ಹೆಸರು ಕಲ್ಲಿನ ಮೇಲೆ ಇದೆಯಲ್ಲ, ಎಂದು ಸಮಾಧಾನದಿಂದ ಬರುತ್ತಿದ್ದಳು. ಟಚಪ್ಪಕ್ಕನಿಗೆ ಆ ಯೋಚನೆ ಬರಲಿಲ್ಲವೆಂದರೆ ಸುಳ್ಳಾಗುತ್ತದೆ, ಬಂತು. ಆದರೆ ಕುಂಟುತ್ತಾ ಬಾಗಿಲು ದಾಟುತ್ತಿದ್ದ ಆ ಮಂಡಿಗಳನ್ನು ನೋಡಿ ಅವಳೇ ಬಾಗಿಲಿಗೆ ಓಡಿದಳು.

"ದೊಡ್ಡಕ್ಕ, ನಿಲ್ಲು. ಕಲ್ಲಿನ ಮೇಲೆ ಹೆಸರು ಇದೆ. ಅಳಿಸಿದ್ದು ನಾನು. ಚಿತ್ರದಲ್ಲಿ. ಗೀರು ಅಂದ್ಕೊಂಡೆ."

ದೊಡ್ಡಕ್ಕ ಬೈಯುತ್ತಾಳೆಂದು ಕಾದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಅವರು ಓದಿ ಅಳಿಸಿದ್ರು" ಎಂದಳು ದೊಡ್ಡಕ್ಕ ನಿಧಾನವಾಗಿ. "ನೀನು ಓದದೇನೇ ಅಳಿಸಿದೆ."

ಟಚಪ್ಪಕ್ಕನಿಗೆ ನಾಚಿಕೆಯಿಂದ ಮುಖ ಬಿಸಿಯಾಯಿತು. ಅಲ್ಲಿಂದ ನೆಟ್ಟಗೆ ಡ್ರಾಯಿಂಗ್ ಮೇಷ್ಟ್ರ ಮನೆಗೆ ಹೋದಳು. ಅವರು ಊಟ ಮುಗಿಸಿ ಒರಗಿದ್ದವರು ಎದ್ದು ಕೂತರು.

"ಸಾರ್, ನನ್ನ ಚಿತ್ರ ಇಳಿಸಿಬಿಡಿ. ನಾನು ಟಚಪ್ ಮಾಡಿದೀನಿ."

"ಅಯ್ಯೋ, ಮೆಲ್ಲಗೆ ಮಾತಾಡಿ! ಒಂದೆರಡು ಚುಕ್ಕೆ ತಾನೇ? ಯಾರಿಗೆ ಗೊತ್ತಾಗುತ್ತೆ? ಇದೇನು ಕೋರ್ಟಾ, ಸ್ನೇಹದ ಸ್ಪರ್ಧೆ."

"ಚುಕ್ಕೆ ಅಲ್ಲ ಸಾರ್, ಒಂದು ಹೆಸರು."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಇನ್ನೊಂದು ಸಲ ಸಮಾಧಾನ ಹೇಳಿ ನೋಡಿದರು. ಅವಳು ಜಗ್ಗಲಿಲ್ಲ. ಸಂಜೆ ಎಲ್ಲರೂ ಸೇರುವ ಹೊತ್ತಿಗೆ ಗೋಡೆಯ ಮೇಲೆ ಮೆಡಿಕಲ್ ಅಂಗಡಿಯವನ ಚಿತ್ರ ತೂಗುತ್ತಿತ್ತು: ಪ್ರತಿಮೆ, ತಲೆಯ ಮೇಲೆ ಕಾಗೆ. ಯಜಮಾನರು ಬಂದು, ನೋಡಿ ಹೋದರು. ಮನೆಯಲ್ಲಿ ಗಂಡ "ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಲ್ಲೇ" ಎಂದು ಪೇಚಾಡಿದ. ಅವಳು ತಲೆನೋವೆಂದು ಮಲಗಿ, ಗೋಡೆಗೆ ಮುಖ ಮಾಡಿ ಅತ್ತಳು.

ವಾರ ಕಳೆದ ಮೇಲೆ, ತಿದ್ದದ ಚಿತ್ರದ ಒಂದು ಪ್ರಿಂಟು ತೆಗೆದುಕೊಂಡು ದೊಡ್ಡಕ್ಕನ ಮನೆಗೆ ಹೋದಳು. ಒಂದೇ ಕೋಣೆ, ಒಂದು ಮಂಚ, ಕಿಟಕಿಯ ಹತ್ತಿರ ಒಲೆ. ದೊಡ್ಡಕ್ಕ ಪ್ರಿಂಟನ್ನು ಕಿಟಕಿಗೆ ಹಿಡಿದು, ಕಣ್ಣಿಗೆ ಹತ್ತಿರ ತಂದು, ದೂರ ಹಿಡಿದು ನೋಡಿದಳು.

"ಕಾಣೋದೇ ಇಲ್ವಲ್ಲೇ ಇದು. ಅವರೆಲ್ಲರದ್ದೂ ಕಣ್ಣಿಗೆ ಹೊಡೆಯೋ ಹಾಗಿದೆ, ಇವನದ್ದು ಕೋಳಿ ಕೆದರಿದ ಹಾಗೆ."

"ಏನ್ ಮಾಡ್ಲಿ ದೊಡ್ಡಕ್ಕ, ಕಲ್ಲಿನ ಮೇಲೆ ಇರೋದೇ ಹಾಗೆ."

"ಅಳಿಸೋಕೆ ಬರುತ್ತಲ್ಲ ನಿನಗೆ? ಅಳಿಸೋಕೆ ಬರೋಳಿಗೆ ಬರೆಯೋಕೆ ಬರಲ್ವಾ?"

ಟಚಪ್ಪಕ್ಕ ಇದಕ್ಕೆ ಯಾವ ನಿಯಮ ಅಡ್ಡ ಬರುತ್ತದೆಂದು ಹುಡುಕಿದಳು, ಸಿಗಲಿಲ್ಲ. ಮನೆಯ ಗೋಡೆಯ ಮೇಲೆ ತೂಗುವ ಚಿತ್ರ, ಯಾವ ಸ್ಪರ್ಧೆಯದೂ ಅಲ್ಲ.

ನಾಲ್ಕು ದಿನ ಕಂಪ್ಯೂಟರಿನ ಮುಂದೆ ಕೂತಳು. ತಮ್ಮನ ಹೆಸರಿಗೆಂದು ಸತ್ತ ಹನ್ನೊಂದು ಜನರ ಹೆಸರುಗಳಿಂದ ಒಂದೊಂದು ಅಕ್ಷರ ಕಡ ತೆಗೆದುಕೊಂಡಳು, ಇವನಿಂದ ಒಂದು, ಅವನಿಂದ ಒಂದು. ಒಂದಕ್ಷರ ಮಾತ್ರ ಹನ್ನೊಂದರಲ್ಲಿ ಯಾರ ಹತ್ತಿರವೂ ಇರಲಿಲ್ಲ. ಅದನ್ನು ತಾನೇ ಬರೆದಳು. ಉಳಿ ಎಲ್ಲಿಂದ ಇಳಿಯುತ್ತಿತ್ತು, ಎಲ್ಲಿ ಚಿಪ್ಪು ಹಾರುತ್ತಿತ್ತು, ಬೆಳಗಿನ ಬಿಸಿಲು ಯಾವ ಅಂಚಿಗೆ ಬೀಳುತ್ತಿತ್ತು, ಎಲ್ಲ ಲೆಕ್ಕ ಹಾಕಿ ನೆರಳು ತುಂಬಿದಳು. ಕೊನೆಗೆ, ಮೂವತ್ತನಾಲ್ಕು ವರ್ಷದಲ್ಲಿ ಮಾಡದ ಕೆಲಸ ಮಾಡಿದಳು: ಚಿತ್ರವನ್ನು ಚಿಕ್ಕದು ಮಾಡಿ, ಪೂರ್ತಿ ಕಲ್ಲನ್ನು ಒಟ್ಟಿಗೆ ನೋಡಿದಳು. ಹನ್ನೆರಡು ಸಾಲು. ಮೊದಲಿನಿಂದಲೂ ಹನ್ನೆರಡೇ ಇದ್ದಂತೆ ಇತ್ತು.

ದೊಡ್ಡಕ್ಕ ಅದಕ್ಕೆ ಕಟ್ಟು ಹಾಕಿಸಿ ಮಂಚದ ಎದುರು ತೂಗುಹಾಕಿದಳು. ಕತೆ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಪುರಸಭೆ ಅನ್ನುವುದೊಂದಿದೆಯಲ್ಲ!

ಆರು ತಿಂಗಳ ಮೇಲೆ ಕಲ್ಲಿನ ಬುಡ ಬಿರುಕು ಬಿಟ್ಟಿದೆಯೆಂದು ಗುತ್ತಿಗೆದಾರನೊಬ್ಬ ಕೆಳಭಾಗಕ್ಕೆಲ್ಲ ಸಿಮೆಂಟು ಮೆತ್ತಿ ಕಪ್ಪು ಬಣ್ಣ ಬಳಿದ. ಗೀಚಿದ ಹೆಸರು ಸಿಮೆಂಟಿನ ಅಡಿಗೆ ಹೋಯಿತು. ದೊಡ್ಡಕ್ಕ ಎಂದಿನಂತೆ ಪುರಸಭೆಗೆ ಜಗಳಕ್ಕೆ ಹೋದಳು, ಈ ಸಲ ಗೋಡೆಯ ಚಿತ್ರವನ್ನೂ ಕಂಕುಳಲ್ಲಿ ಇಟ್ಟುಕೊಂಡು. ಗುಮಾಸ್ತ ಹೊಸಬ, ಬಂದು ಎರಡು ವಾರವಾಗಿತ್ತು.

"ನನ್ನ ತಮ್ಮನ ಹೆಸರು ಇತ್ತು. ನಿಮ್ಮೋರು ಮುಚ್ಚಿಹಾಕಿದಾರೆ" ಎಂದು ಚಿತ್ರ ಮೇಜಿನ ಮೇಲಿಟ್ಟಳು.

ಗುಮಾಸ್ತ ಹೋಗಿ ಕಲ್ಲು ನೋಡಿ ಬಂದ. ಕಲ್ಲಿನಲ್ಲಿ ಹನ್ನೊಂದು, ಚಿತ್ರದಲ್ಲಿ ಹನ್ನೆರಡು. ಅವನ ಎದೆ ಧಸಕ್ಕೆಂದಿತು. ಹಳಬನೊಬ್ಬ "ರಿಜಿಸ್ಟರಿನಲ್ಲಿ ಹನ್ನೊಂದೇ ಇರೋದು" ಎಂದು ಗೊಣಗಿದ್ದಕ್ಕೆ, "ರಿಜಿಸ್ಟರು ತಪ್ಪಬಹುದು, ಫೋಟೋ ಸುಳ್ಳು ಹೇಳುತ್ತೇನ್ರೀ?" ಎಂದು ಅವನ ಬಾಯಿ ಮುಚ್ಚಿಸಿದ. ಸತ್ತವನ ಹೆಸರಿಗೆ ಸಿಮೆಂಟು ಬಳಿದ ಸುದ್ದಿ ಪತ್ರಿಕೆಗೆ ಹೋದರೆ ಗತಿಯೇನು? ಸಿಮೆಂಟು ಕಿತ್ತು ನೋಡುವ ಧೈರ್ಯವೂ ಯಾರಿಗೂ ಬರಲಿಲ್ಲ. ಹತ್ತೇ ದಿನದಲ್ಲಿ, ಸದ್ದಿಲ್ಲದೆ, ಹನ್ನೊಂದನೆಯ ಹೆಸರಿನ ಕೆಳಗೆ ಕಲ್ಲಿನ ಪಟ್ಟಿಯೊಂದನ್ನು ಕೂರಿಸಿದರು. ಕಲ್ಲುಕುಟಿಗನ ಕೈಗೆ ಚಿತ್ರ ಕೊಟ್ಟು, ಇದರಲ್ಲಿರುವ ಹಾಗೇ ಕೆತ್ತು ಎಂದರು. ಅವನು ಹಾಗೇ ಕೆತ್ತಿದ.

ಸುದ್ದಿ ಕೇಳಿ ಟಚಪ್ಪಕ್ಕ ಓಡಿಬಂದಳು. "ದೊಡ್ಡಕ್ಕ, ಇದೇನು ಮಾಡಿದೆ! ಅದು ನಾನು ಬರೆದದ್ದು ಅಂತ ಗೊತ್ತಾದ್ರೆ?"

"ನಾನು ಒಂದು ಸುಳ್ಳು ಹೇಳಿದ್ರೆ ಕೇಳು. ಹೆಸರು ಇತ್ತು ಅಂದೆ. ಇರಲಿಲ್ವಾ? ಮುಚ್ಚಿಹಾಕಿದ್ರು ಅಂದೆ. ಹಾಕಲಿಲ್ವಾ?"

ಟಚಪ್ಪಕ್ಕ ಲೆಕ್ಕ ಹಾಕಿ ನೋಡಿದಳು. ಎಲ್ಲೂ ತಪ್ಪು ಸಿಗಲಿಲ್ಲ. ಹೋದ ಸಲ ಬಾಯಿಬಿಟ್ಟು ಬಹುಮಾನ ಕಳೆದುಕೊಂಡಿದ್ದಳು, ಈ ಸಲ ಬಾಯಿ ಮುಚ್ಚಿಕೊಂಡಳು. ಎರಡಕ್ಕೂ ಅವಳಿಗೆ ಪಶ್ಚಾತ್ತಾಪವಿರಲಿಲ್ಲ.

ಮರುವರ್ಷದ ಸ್ಪರ್ಧೆ ಬಂತು, ವಿಷಯ 'ಕಲ್ಲು'. ಟಚಪ್ಪಕ್ಕ ಚಿತ್ರ ಕಳಿಸಲಿಲ್ಲ, ಕಳಿಸುವಂತೆಯೂ ಇರಲಿಲ್ಲ. ಬಳಗದವರು ಸಭೆ ಸೇರಿ, ಇಷ್ಟು ಪ್ರಾಮಾಣಿಕ ಹೆಂಗಸು ಬೇರೆ ಸಿಗುವುದಿಲ್ಲವೆಂದು ಅವಳನ್ನೇ ನಾಲ್ಕನೇ ನಿಯಮದ ಪರೀಕ್ಷಕಿಯಾಗಿ ಮಾಡಿದ್ದರು. ಗೆದ್ದ ಚಿತ್ರವನ್ನು ಅವಳು ಪರೀಕ್ಷಿಸಿ, ಹಿಂಬದಿಯಲ್ಲಿ 'ತಿದ್ದಿಲ್ಲ' ಎಂದು ಬರೆದು ರುಜು ಹಾಕಬೇಕು. ಆಮೇಲೆ ಅದು ಗೋಡೆಗೆ.

ಗೆದ್ದದ್ದು ಮತ್ತೆ ಮೆಡಿಕಲ್ ಅಂಗಡಿಯವನು. ಚಿತ್ರ, ಟ್ಯಾಂಕಿನ ಕಲ್ಲು. ಬೆಳಗಿನ ಓರೆ ಬಿಸಿಲು, ಹನ್ನೆರಡು ಸಾಲು.

"ಈ ಕೊನೇ ಸಾಲು ನೋಡಿ" ಎಂದರು ಡ್ರಾಯಿಂಗ್ ಮೇಷ್ಟ್ರು, ಗ್ರಂಥಾಲಯದ ಮೇಜಿನ ಮೇಲೆ ಚಿತ್ರ ಇಟ್ಟು. "ಏನು ಅಕ್ಷರ! ಹಳೇ ಕಾಲದ ಕೈ ಅಂದ್ರೆ ಅದು. ಈಗಿನವರಿಗೆ ಸಾಧ್ಯವೇ ಇಲ್ಲ ಬಿಡಿ."

"ಅದಕ್ಕೇ ಸಾರ್ ಫೋಕಸ್ ಅಲ್ಲೇ ಇಟ್ಟೆ" ಎಂದ ಮೆಡಿಕಲ್ ಅಂಗಡಿಯವನು.

ಟಚಪ್ಪಕ್ಕ ಭೂತಗನ್ನಡಿ ಹಿಡಿದು ಎಡದಿಂದ ಬಲಕ್ಕೆ, ಮೇಲಿಂದ ಕೆಳಕ್ಕೆ ಬಂದಳು. ಈ ಸಲ ಒಂದೊಂದು ಹೆಸರನ್ನೂ ಓದಿದಳು. ಹನ್ನೆರಡನೆಯದಕ್ಕೆ ಬಂದಾಗ ಕೈ ನಿಂತಿತು. ಚಿತ್ರದ ಕೆಳಗಿನ ಕಾರ್ಡಿನ ಮೇಲೆ ಬೇರೆಯವನ ಹೆಸರು ಇರುತ್ತದಲ್ಲ ಎಂದು ಹೊಟ್ಟೆ ಉರಿಯಿತು, ಅದೇ ಉಸಿರಿನಲ್ಲಿ ಎದೆ ತುಂಬಿ ಬಂತು. ಕಣ್ಣಲ್ಲಿ ನೀರು ತುಂಬಿ ಭೂತಗನ್ನಡಿಯ ಒಳಗೆ ಏನೂ ಕಾಣದಂತಾಯಿತು.

"ಏನಾದ್ರೂ ಸಿಕ್ತಾ?" ಎಂದು ಮೇಷ್ಟ್ರು ಆತಂಕದಿಂದ ಕೇಳಿದರು.

"ಇಲ್ಲ ಸಾರ್. ಕಲ್ಲು ಹೇಗಿದ್ಯೋ ಹಾಗೇ ತೆಗೆದಿದಾರೆ."

ಚಿತ್ರ ತಿರುಗಿಸಿ 'ತಿದ್ದಿಲ್ಲ' ಎಂದು ಬರೆದಳು. ಅದರ ಕೆಳಗೆ ತನ್ನ ಹೆಸರನ್ನು ದುಂಡಗೆ, ಪೂರ್ತಿಯಾಗಿ ಬರೆದಳು.

ದೊಡ್ಡಕ್ಕ ಮೊಳೆ ಸುತ್ತಿಗೆ ಹಿಡಿದು ಕಾಯುತ್ತಿದ್ದವಳು ಇಣುಕಿ ನೋಡಿದಳು. "ಏನೇ ಬರೆದೆ ಅಲ್ಲಿ?"

"ನನ್ನ ಹೆಸರು."

"ಅಯ್ಯೋ ಮಂಕೇ, ಅದು ಗೋಡೆ ಕಡೆಗೆ ಹೋಗುತ್ತಲ್ಲೇ! ಯಾರಿಗೆ ಕಾಣುತ್ತೆ?"

"ಹೋಗ್ಲಿ ಬಿಡು. ಹಿಡಿ, ತೂಗುಹಾಕೋಣ" ಎಂದು ಟಚಪ್ಪಕ್ಕ ಸ್ಟೂಲು ಹತ್ತಿದಳು.